ಓಡುತ್ತಿರುವ ಕಾರು ದಾರಿ ಮಧ್ಯೆ ಆಫ್ ಆಗುತ್ತಿದೆಯಾ? ಕೊಡಗಿನ ರಸ್ತೆಗಳಲ್ಲಿ ಕಾರಣ ಹುಡುಕುವ ಸಮಗ್ರ ಮಾರ್ಗದರ್ಶಿ

ಸ್ಟಾರ್ಟೇ ಆಗದ ಕಾರು ಅಷ್ಟೇನೂ ತೊಂದರೆ ಕೊಡುವುದಿಲ್ಲ. ಮನೆ ಅಂಗಳದಲ್ಲೇ ನಿಂತಿರುತ್ತದೆ, ಮೆಕ್ಯಾನಿಕ್ ಅಲ್ಲಿಗೇ ಬರುತ್ತಾರೆ. ಓಡುತ್ತಾ ಓಡುತ್ತಾ ಆಫ್ ಆಗುವ ಕಾರು ಹಾಗಲ್ಲ. ಸಂಪಾಜೆ ಘಾಟಿಯ ತಿರುವಿನಲ್ಲಿ, ಹಿಂದೆ ಲಾರಿ, ಮುಂದೆ ಮಂಜು ಇರುವಾಗಲೇ ಕೈಕೊಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲೂ ಸರಿಯಾಗೇ ಓಡುತ್ತದೆ.

ದುಡ್ಡು ಪೋಲಾಗುವುದು ಇಲ್ಲಿಂದಲೇ. ತೊಂದರೆ ಕಣ್ಣಿಗೆ ಕಾಣದಿದ್ದಾಗ ಅಂದಾಜಿನ ಮೇಲೆ ಸಾಮಾನು ಬದಲಾಯಿಸುವುದು ಶುರುವಾಗುತ್ತದೆ. ಮೊದಲು ಪ್ಲಗ್, ಆಮೇಲೆ ಪ್ಲಗ್‌ಗೆ ಕರೆಂಟು ಕೊಡುವ ಕಾಯಿಲ್, ಆಮೇಲೆ ಫ್ಯೂಯಲ್ ಪಂಪ್. ಬಿಲ್ ಏರುತ್ತಾ ಹೋಗುತ್ತದೆ, ಕಾರು ಮತ್ತೆ ಅದೇ ಏರಿನಲ್ಲಿ ನಿಲ್ಲುತ್ತದೆ.

ಕಾರು ನಿಂತಾಗ ಅದರೊಳಗೆ ಇದ್ದವರು ನೀವು, ಮೆಕ್ಯಾನಿಕ್ ಅಲ್ಲ. ಎಲ್ಲಿ ನಿಂತಿತು, ಹೇಗೆ ನಿಂತಿತು, ನಿಲ್ಲುವ ಮುಂಚೆ ಏನು ಮಾಡಿತು ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಉಳಿದರ್ಧಕ್ಕೆ ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್, ಕಾರಿನ ಕಂಪ್ಯೂಟರ್ ದಾಖಲಿಸಿದ್ದನ್ನು ಓದುವ ಒಂದು ಸಣ್ಣ ಸ್ಕ್ಯಾನರ್ ಮತ್ತು ತಾಳ್ಮೆ ಸಾಕು. ದೊಡ್ಡ ರಿಪೇರಿಯನ್ನು ನೀವೇ ಮಾಡಬೇಕಿಲ್ಲ. ಏನು ರಿಪೇರಿ ಮಾಡಬೇಕು ಅನ್ನುವುದು ಗೊತ್ತಾದರೆ ಸಾಕು.

ಆಫ್ ಆದ ಆ ಕ್ಷಣ

ಎಂಜಿನ್ ನಿಂತ ಕೂಡಲೇ ಎರಡು ವಿಷಯ ಬದಲಾಗುತ್ತವೆ. ಸ್ಟಿಯರಿಂಗ್ ಗಟ್ಟಿಯಾಗುತ್ತದೆ. ಕಾಲಿನ ಒತ್ತಿಗೆ ಬಲ ಸೇರಿಸುವ ಬ್ರೇಕ್ ಬೂಸ್ಟರ್‌ನಲ್ಲಿ ಎರಡು ಮೂರು ಸಲ ಒತ್ತುವಷ್ಟು ಮಾತ್ರ ಶಕ್ತಿ ಉಳಿದಿರುತ್ತದೆ. ಹಾಗಾಗಿ ಬ್ರೇಕನ್ನು ಪದೇ ಪದೇ ಪಂಪ್ ಮಾಡಬೇಡಿ. ಒಂದೇ ಸಲ ಒತ್ತಿ, ಹಿಡಿದುಕೊಳ್ಳಿ. ಆಮೇಲೂ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಕಾಲಿಗೆ ತುಂಬಾ ಬಲ ಬೇಕು.

ಹಜಾರ್ಡ್ ಲೈಟ್ ಹಾಕಿ. ಇಳಿಜಾರಿನಲ್ಲಿದ್ದರೆ ಗಾಬರಿಯಲ್ಲಿ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಬೇಡಿ. ಗೇರಿನಲ್ಲೇ ಇದ್ದರೆ ಚಕ್ರಗಳು ಎಂಜಿನನ್ನು ತಿರುಗಿಸುತ್ತಾ ಇರುತ್ತವೆ, ಕಾರಿನ ವೇಗವೂ ಹಿಡಿತದಲ್ಲಿರುತ್ತದೆ. ಕೀಯನ್ನು ಯಾವ ಕಾರಣಕ್ಕೂ ಪೂರ್ತಿ ಹಿಂದಕ್ಕೆ ತಿರುಗಿಸಿ ಹೊರಗೆ ತೆಗೆಯಬೇಡಿ, ಸ್ಟಿಯರಿಂಗ್ ಲಾಕ್ ಆಗುತ್ತದೆ. ಘಾಟಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಆಟೋಮ್ಯಾಟಿಕ್ ಕಾರಾದರೆ ನ್ಯೂಟ್ರಲ್‌ಗೆ ಹಾಕಿ ಮತ್ತೆ ಸ್ಟಾರ್ಟ್ ಮಾಡಲು ನೋಡಬಹುದು. ಎಂಜಿನ್ ಒಳಗಿಂದ ಕಟಕಟ ಸದ್ದು ಬಂದಿದ್ದರೆ ಮಾತ್ರ ಕ್ಲಚ್ ಒತ್ತಿ, ಸ್ಟಾರ್ಟ್ ಮಾಡುವ ಯೋಚನೆ ಬಿಟ್ಟುಬಿಡಿ.

ಎಡಕ್ಕೆ ತಂದು ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ತಿರುವಿನಲ್ಲೇ ನಿಂತಿದ್ದರೆ ರಿಫ್ಲೆಕ್ಟರ್ ತ್ರಿಕೋನವನ್ನು ಕಾರಿನ ಪಕ್ಕ ಇಟ್ಟು ಪ್ರಯೋಜನ ಇಲ್ಲ. ಬರುವವರಿಗೆ ತಿರುವಿನ ಮುಂಚೆಯೇ ಕಾಣುವ ಹಾಗೆ ಇಡಿ.

ರಾತ್ರಿ ತಿತಿಮತಿ–ಆನೆಚೌಕೂರು ಕಾಡಿನ ದಾರಿಯಲ್ಲೋ, ಸಿದ್ದಾಪುರದ ತೋಟಗಳ ನಡುವೆಯೋ ನಿಂತರೆ ಬಾನೆಟ್ ತೆಗೆಯಲು ಇಳಿಯಬೇಡಿ. ಅಲ್ಲಿ ಆನೆ ಯಾವಾಗ ಎಲ್ಲಿಂದ ಬರುತ್ತದೆ ಅಂತ ಹೇಳಲಾಗದು. ಒಳಗೇ ಕೂತು 112ಕ್ಕೆ ಅಥವಾ ಗೊತ್ತಿರುವವರಿಗೆ ಫೋನ್ ಮಾಡಿ. ನೆಟ್‌ವರ್ಕ್ ಸಿಗದಿದ್ದರೆ ಮುಂದಿನ ಬಸ್ಸಿನವರ ಹತ್ತಿರ ಹೇಳಿ ಕಳಿಸಬಹುದು. ಇಲ್ಲಿಯ ಚಾಲಕರು ಸಾಮಾನ್ಯವಾಗಿ ನಿಲ್ಲಿಸಿ ಕೇಳುತ್ತಾರೆ.

ಮತ್ತೆ ಕೀ ತಿರುಗಿಸುವ ಮುಂಚೆ ಬರೆದುಕೊಳ್ಳಿ

ಇದು ಎಲ್ಲರೂ ಬಿಟ್ಟುಬಿಡುವ ಹೆಜ್ಜೆ. ಜಾಗ ಸುರಕ್ಷಿತ ಅನಿಸಿದ ಮೇಲೆ ಫೋನ್ ತೆಗೆದು ನಾಲ್ಕು ಸಾಲು ಬರೆಯಿರಿ, ಇಲ್ಲವೇ ವಾಯ್ಸ್ ರೆಕಾರ್ಡ್ ಮಾಡಿ. ಎಷ್ಟು ಹೊತ್ತು ಓಡಿತ್ತು? ಏರೋ, ಇಳಿಜಾರೋ, ಸಮತಟ್ಟೋ? ಕಾಲು ಅಕ್ಸಿಲರೇಟರ್ ಮೇಲಿತ್ತೋ, ಕ್ಲಚ್ ಮೇಲಿತ್ತೋ? ಮಳೆ ಇತ್ತಾ? ಎಸಿ ಹಾಕಿದ್ದಿರಾ? ಟ್ಯಾಂಕಿನಲ್ಲಿ ಎಷ್ಟಿತ್ತು, ಕೊನೆಯದಾಗಿ ಯಾವಾಗ ತುಂಬಿಸಿದ್ದು? ಹಿಂದಿನ ದಿನಗಳಲ್ಲಿ ಏನಾದರೂ ಕೆಲಸ ಮಾಡಿಸಿದ್ದಿರಾ? ಸರ್ವಿಸ್‌ನಿಂದ ಬಂದ ಮೇಲೆ ತೊಂದರೆ ಶುರುವಾಗಿದ್ದರೆ ಅಲ್ಲಿ ಕೈಯಿಟ್ಟ ಜಾಗವನ್ನೇ ಮೊದಲು ನೋಡಬೇಕು. ಕೂರಿಸದೇ ಬಿಟ್ಟ ಒಂದು ಕನೆಕ್ಟರ್, ಬಿಗಿ ಮಾಡದ ಒಂದು ಕ್ಲಿಪ್ ಸಾಕು.

ಡ್ಯಾಶ್‌ಬೋರ್ಡ್ ದೀಪಗಳ ಬಗ್ಗೆ ಒಂದು ಮಾತು. ಎಂಜಿನ್ ನಿಂತ ಮೇಲೆ ಆಯಿಲ್ ದೀಪ, ಬ್ಯಾಟರಿ ದೀಪ ಎರಡೂ ಹತ್ತುತ್ತವೆ. ಅದು ಸಹಜ, ಎಂಜಿನ್ ತಿರುಗುತ್ತಿಲ್ಲ ಅಲ್ವಾ. ನಿಲ್ಲುವ *ಮುಂಚೆ* ಯಾವ ದೀಪ ಹತ್ತಿತು ಅನ್ನುವುದೇ ಮುಖ್ಯ. ಆಯಿಲ್ ದೀಪ ಮೊದಲೇ ಹತ್ತಿ ಆಮೇಲೆ ನಿಂತಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗಿದ್ದರೂ ಅಷ್ಟೇ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ಮುಟ್ಟಬೇಡಿ. ಬ್ಯಾಟರಿ ದೀಪ ಮೊದಲು ಹತ್ತಿ, ಹೆಡ್‌ಲೈಟ್ ಮಂಕಾಗುತ್ತಾ ಬಂದು, ವೈಪರ್ ನಿಧಾನವಾಗಿ ಆಮೇಲೆ ನಿಂತಿದ್ದರೆ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿಲ್ಲ. ಮಳೆಗಾಲದ ರಾತ್ರಿ ನಮ್ಮಲ್ಲಿ ಲೈಟು, ಫಾಗ್ ಲ್ಯಾಂಪು, ವೈಪರು, ಬ್ಲೋವರು ಎಲ್ಲಾ ಒಟ್ಟಿಗೇ ಓಡುತ್ತಿರುತ್ತವೆ. ಬ್ಯಾಟರಿಯೊಂದೇ ಅಷ್ಟನ್ನು ಬಹಳ ಹೊತ್ತು ಹೊರುವುದಿಲ್ಲ.

ಪಟ್ಟಂತ ನಿಂತಿತಾ, ಜಗ್ಗಿ ಜಗ್ಗಿ ನಿಂತಿತಾ?

ಕಾರಣ ಹುಡುಕುವ ದಾರಿ ಇಲ್ಲಿ ಎರಡಾಗಿ ಒಡೆಯುತ್ತದೆ.

ಯಾರೋ ಕೀ ತಿರುಗಿಸಿ ಆಫ್ ಮಾಡಿದ ಹಾಗೆ, ಒಂದು ಜರ್ಕ್ ಕೂಡ ಇಲ್ಲದೆ ಪಟ್ಟಂತ ನಿಂತರೆ ಅದು ಹೆಚ್ಚಾಗಿ ಕರೆಂಟಿನ ಕಡೆಯ ತೊಂದರೆ. ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಗಮನಿಸುವ ಸೆನ್ಸರ್), ಮೇನ್ ರಿಲೇ (ಕರೆಂಟ್ ಹರಿಸುವ ಸ್ವಿಚ್), ಇಗ್ನಿಷನ್ ಸ್ವಿಚ್, ಬ್ಯಾಟರಿ ಟರ್ಮಿನಲ್, ಅರ್ಥಿಂಗ್ ವೈರ್ ಇವುಗಳಲ್ಲಿ ಯಾವುದೋ ಒಂದು.

ಮೊದಲು ಪಿಕಪ್ ಕಮ್ಮಿಯಾಗಿ, ಮಿಸ್ಸಿಂಗ್ ಹೊಡೆದು, ಎರಡು ಮೂರು ಸಲ ಜಗ್ಗಿ ನಿಂತರೆ ಇಂಧನ ಅಥವಾ ಗಾಳಿಯ ಕಡೆ ನೋಡಿ. ಪಂಪ್, ಫಿಲ್ಟರ್, ನೀರು ಬೆರೆತ ಪೆಟ್ರೋಲ್, ಕಟ್ಟಿಕೊಂಡ ಏರ್ ಫಿಲ್ಟರ್.

ಆರ್‌ಪಿಎಂ ಮುಳ್ಳು ಇದಕ್ಕೆ ಸಾಕ್ಷಿ ಹೇಳುತ್ತದೆ. ಕಾರು ಇನ್ನೂ ಗೇರಿನಲ್ಲಿ ಉರುಳುತ್ತಿದೆ, ಚಕ್ರ ಎಂಜಿನನ್ನು ತಿರುಗಿಸುತ್ತಿದೆ, ಆದರೂ ಮುಳ್ಳು ಒಂದೇ ಏಟಿಗೆ ಸೊನ್ನೆಗೆ ಬಿತ್ತು ಅಂದರೆ ಎಂಜಿನ್ ತಿರುಗುತ್ತಿದೆ ಅನ್ನುವ ಸುದ್ದಿಯೇ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಮುಟ್ಟುತ್ತಿಲ್ಲ. ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಲು ಇದು ಒಳ್ಳೆಯ ಕಾರಣ. ಮುಳ್ಳು ಕಾರಿನ ವೇಗದ ಜೊತೆಗೇ ಮೆಲ್ಲಗೆ ಇಳಿದರೆ ಸೆನ್ಸರ್ ಕೆಲಸ ಮಾಡುತ್ತಿದೆ, ಇಂಧನದ ಕಡೆ ಹೋಗಿ.

ಹತ್ತುವಾಗ ನಿಲ್ಲುವ ಕಾರು

ಸಂಪಾಜೆಯಿಂದ ಮಡಿಕೇರಿಗೆ ಸುಮಾರು ಸಾವಿರ ಮೀಟರ್ ಹತ್ತಬೇಕು. ಎಂಜಿನ್‌ಗೆ ಅತಿ ಹೆಚ್ಚು ಪೆಟ್ರೋಲ್ ಬೇಕಾಗುವುದು ಅಂಥ ಏರಿನಲ್ಲೇ. ಸಮತಟ್ಟಿನಲ್ಲಿ ಆರಾಮಾಗಿ ಓಡಿ, ಕೊಯನಾಡು ದಾಟಿ ಏರು ಶುರುವಾದ ಮೇಲೆ ಮಾತ್ರ ಜಗ್ಗಿ ನಿಲ್ಲುವ ಕಾರಿಗೆ ಬೇಕಾದಷ್ಟು ಇಂಧನ ಸಿಗುತ್ತಿಲ್ಲ. ಇಷ್ಟು ಸ್ಪಷ್ಟವಾದ ಲಕ್ಷಣ ಇನ್ನೊಂದಿಲ್ಲ.

ಪೆಟ್ರೋಲ್ ಕಾರಾದರೆ ಕೀಯನ್ನು ಆನ್ ಮಾಡಿ, ಸೆಲ್ಫ್ ಹೊಡೆಯದೆ ಸುಮ್ನೆ ಕಿವಿಗೊಡಿ. ಹಿಂದಿನ ಸೀಟಿನ ಕೆಳಗಿಂದ ಎರಡು ಮೂರು ಸೆಕೆಂಡ್ ಗುಂಯ್ ಅನ್ನುವ ಸದ್ದು ಬರಬೇಕು. ಅದು ಪಂಪ್. ಸದ್ದೇ ಇಲ್ಲದಿದ್ದರೆ ಫ್ಯೂಸ್ ನೋಡಿ, ಆಮೇಲೆ ರಿಲೇ. ಫ್ಯೂಸ್ ಬಾಕ್ಸ್‌ನಲ್ಲಿ ಅದೇ ನಂಬರಿನ, ಅದೇ ಕಾಲುಗಳಿರುವ ಹಾರ್ನ್ ರಿಲೇ ಇದ್ದರೆ ಅದನ್ನು ತೆಗೆದು ಪಂಪ್ ರಿಲೇ ಜಾಗಕ್ಕೆ ಹಾಕಿ ನೋಡಿ. ಈಗ ಸದ್ದು ಬಂದರೆ ತೊಂದರೆ ಪಂಪಿನದಲ್ಲ, ರಿಲೇಯದು. ಎಷ್ಟೋ ಸಾವಿರ ಉಳಿಯಿತು.

ಸದ್ದು ಬರುತ್ತಿದ್ದರೂ ಪಂಪ್ ಸರಿಯಿದೆ ಅಂತ ಅರ್ಥ ಅಲ್ಲ. ತಿರುಗುವುದು ಬೇರೆ, ಒತ್ತಡ ಕೊಡುವುದು ಬೇರೆ. ಎಂಪಿಎಫ್‌ಐ (ಪ್ರತಿ ಸಿಲಿಂಡರ್‌ಗೂ ಒಂದು ಇನ್ಜೆಕ್ಟರ್ ಇರುವ) ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡ ಇರಬೇಕು. ಇದನ್ನು ಗೇಜ್ ಹಾಕಿ ಅಳೆಯಬೇಕು, ಅದು ಗ್ಯಾರೇಜಿನ ಕೆಲಸ. ನಿಂತಲ್ಲೇ ಅಳೆದು ಬಿಡದೆ, ರೇಸ್ ಕೊಟ್ಟಾಗಲೂ ಒತ್ತಡ ಇಳಿಯುತ್ತದಾ ಅಂತ ನೋಡಲು ಹೇಳಿ.

ಒಂದು ಸುಲಭದ ಪರೀಕ್ಷೆ ಇದೆ. ಕಾರು ನಿಂತ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ. ಜೋರಾಗಿ ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದು, ಆಮೇಲೆ ಕಾರು ಸಲೀಸಾಗಿ ಸ್ಟಾರ್ಟ್ ಆದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿಕೊಂಡಿದೆ. ಟ್ಯಾಂಕ್ ಒಳಗೆ ನಿರ್ವಾತ ಆಗಿ ಪಂಪ್‌ಗೆ ಎಳೆಯಲು ಆಗುತ್ತಿರುವುದಿಲ್ಲ. ಮಣ್ಣಿನ ತೋಟದ ದಾರಿಯಲ್ಲಿ ಓಡುವ ಗಾಡಿಗಳಲ್ಲಿ ಈ ಪೈಪ್‌ಗೆ ಕೆಸರು ಹಿಡಿಯುವುದುಂಟು.

ರಿಸರ್ವ್‌ನಲ್ಲಿ ಘಾಟಿ ಹತ್ತುವ ಅಭ್ಯಾಸ ಇರುವವರು ಬೇರೆ ಕಾರಣ ಹುಡುಕುವ ಮುಂಚೆ ಅರ್ಧ ಟ್ಯಾಂಕ್ ಹಾಕಿಸಿ ನೋಡಿ. ಏರಿನಲ್ಲೂ ಹೇರ್‌ಪಿನ್ ತಿರುವಿನಲ್ಲೂ ಪೆಟ್ರೋಲ್ ಒಂದು ಬದಿಗೆ ಸರಿದರೆ ಪಂಪ್ ಗಾಳಿ ಎಳೆಯುತ್ತದೆ.

ಇಳಿಯುವಾಗ ನಿಲ್ಲುವ ಕಾರು

ಇದು ಪೂರ್ತಿ ಬೇರೆ ಕಾಯಿಲೆ. ಇಳಿಜಾರಿನಲ್ಲಿ ಕಾಲು ಅಕ್ಸಿಲರೇಟರ್ ಮೇಲಿಲ್ಲ. ತಿರುವು ಬಂತು, ಗೇರ್ ಇಳಿಸಲು ಕ್ಲಚ್ ಒತ್ತಿದಿರಿ. ಆರ್‌ಪಿಎಂ 800ರ ಹತ್ತಿರ ಬಂದು ನಿಲ್ಲಬೇಕಿತ್ತು, ಆದರೆ ನಿಲ್ಲದೆ ಸೀದಾ ಸೊನ್ನೆಗೆ ಇಳಿಯಿತು. ಕೀ ತಿರುಗಿಸಿದ ತಕ್ಷಣ ಮತ್ತೆ ಸ್ಟಾರ್ಟ್. ಹೀಗಿದ್ದರೆ ಪಂಪಿಗೂ ಕಾಯಿಲಿಗೂ ಕೈ ಹಾಕಬೇಡಿ. ಐಡ್ಲಿಂಗ್ ಹಿಡಿಯುತ್ತಿಲ್ಲ ಅಷ್ಟೇ, ಅಂದರೆ ಅಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ಮೆಲ್ಲಗೆ ಓಡುತ್ತಾ ಉಳಿಯುತ್ತಿಲ್ಲ.

ಹೆಚ್ಚಿನ ಸಲ ಕಾರಣ ಥ್ರಾಟಲ್ ಬಾಡಿಯ (ಎಂಜಿನ್‌ಗೆ ಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಭಾಗದ) ಕೊಳೆ. ಏರ್ ಫಿಲ್ಟರ್‌ನಿಂದ ಬರುವ ದಪ್ಪ ಪೈಪ್ ಬಿಚ್ಚಿದರೆ ಒಳಗೆ ತೆಳ್ಳಗಿನ ಚಿಟ್ಟೆ ಕವಾಟ ಕಾಣುತ್ತದೆ. ಅದರ ಅಂಚಿನಲ್ಲಿ ಕಪ್ಪು ಮಸಿ ಉಂಗುರದ ಹಾಗೆ ಕೂತಿದ್ದರೆ ಐಡ್ಲಿಂಗ್‌ಗೆ ಬೇಕಾದ ಗಾಳಿ ಅಲ್ಲೇ ಕಟ್ಟಿಕೊಂಡಿದೆ. ಎಂಜಿನ್ ಆಫ್ ಮಾಡಿ, ಥ್ರಾಟಲ್ ಬಾಡಿ ಕ್ಲೀನರನ್ನು ಬಟ್ಟೆಗೆ ಸಿಂಪಡಿಸಿ ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಕಾರಿನಲ್ಲಿ ಕೀ ಆನ್ ಇರುವಾಗ ಬೆರಳು ಹಾಕಬಾರದು. ಕವಾಟ ತಾನಾಗಿ ತಿರುಗಿ ಬೆರಳು ಸಿಕ್ಕಿಕೊಳ್ಳಬಹುದು. ಕ್ಲೀನ್ ಆದ ಮೇಲೆ ಕೆಲವು ಕಾರುಗಳಲ್ಲಿ ಐಡ್ಲಿಂಗ್ ಒಂದಷ್ಟು ಹೊತ್ತು ಏರಿಳಿಯುತ್ತದೆ. ಸ್ಕ್ಯಾನರ್‌ನಲ್ಲಿ ಥ್ರಾಟಲ್ ರೀಸೆಟ್ ಮಾಡಿದರೆ ಸರಿ ಹೋಗುತ್ತದೆ.

ಥ್ರಾಟಲ್ ಶುದ್ಧವಾಗಿದ್ದರೆ ವ್ಯಾಕ್ಯೂಮ್ ಪೈಪ್‌ಗಳನ್ನು ನೋಡಿ. ಬಿರುಕು ಬಿಟ್ಟ ರಬ್ಬರ್ ಪೈಪ್‌ನಿಂದ ಸುಯ್ ಅನ್ನುವ ಸದ್ದು ಬರುತ್ತದೆ. ಆಮೇಲೆ ಇಜಿಆರ್ ವಾಲ್ವ್, ಅಂದರೆ ಹೊಗೆಯ ಒಂದಷ್ಟನ್ನು ಮತ್ತೆ ಎಂಜಿನ್‌ಗೆ ಬಿಡುವ ಕವಾಟ. ಅದು ತೆರೆದೇ ಉಳಿದರೆ ಹೊಗೆ ಒಳಗೆ ಬಂದು ಐಡ್ಲಿಂಗ್‌ನಲ್ಲಿ ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ಫುಲ್ ಟ್ಯಾಂಕ್ ಹಾಕಿಸಿದ ಕೂಡಲೇ ಬಂಕ್ ಎದುರೇ ನಿಲ್ಲುವ ಪೆಟ್ರೋಲ್ ಕಾರಾದರೆ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ ಕವಾಟ) ತೆರೆದು ಕೂತಿರಬಹುದು. ಎಸಿ ಹಾಕಿದಾಗ ಮಾತ್ರ ನಿಂತರೂ ಮೊದಲು ಥ್ರಾಟಲ್ ಬಾಡಿಯನ್ನೇ ನೋಡಿ.

ಬಿಸಿಯಾದಾಗ ನಿಂತು, ತಣ್ಣಗಾದಾಗ ಸ್ಟಾರ್ಟ್ ಆಗುವ ಕಾರು

ಜನರನ್ನು ಅತಿ ಹೆಚ್ಚು ಸತಾಯಿಸುವುದು ಇದು. ಸುಂಟಿಕೊಪ್ಪ ಕಡೆಯ ಪರಿಚಯದವರೊಬ್ಬರ ಪೆಟ್ರೋಲ್ ಕಾರು ಹೀಗೇ ಮಾಡುತ್ತಿತ್ತು. ಕುಶಾಲನಗರದಿಂದ ಹೊರಟರೆ ಮಡಿಕೇರಿ ಹತ್ತಿರ ಬರುವಾಗ ಪಟ್ಟಂತ ಆಫ್. ಒಂದು ಟೀ ಕುಡಿದು ಬರುವಷ್ಟರಲ್ಲಿ ಮತ್ತೆ ಸ್ಟಾರ್ಟ್. ಗ್ಯಾರೇಜಿನಲ್ಲಿ ಪಂಪ್ ಬದಲಾಯಿಸಿ ಆಗಿತ್ತು. "ಅಣ್ಣ, ನಿಲ್ಲೋ ಮುಂಚೆ ಜರ್ಕ್ ಹೊಡೀತದಾ?" ಅಂತ ಕೇಳಿದೆ. "ಇಲ್ಲ ಮಾರಾಯ, ಕೀ ತಿರುಗಿಸಿದ ಹಾಗೆ ನಿಲ್ತದೆ" ಅಂದರು. ಪಂಪ್ ಅಲ್ಲ ಅನ್ನುವುದು ಆ ಒಂದು ಮಾತಿನಲ್ಲೇ ಇತ್ತು.

ಮುಂದಿನ ಸಲ ನಿಂತಾಗ ಅವರು ಎರಡು ಕೆಲಸ ಮಾಡಿದರು. ಮೊದಲು ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ಮುಳ್ಳು ನೋಡಿದರು. ಹೆಚ್ಚಿನ ಕಾರುಗಳಲ್ಲಿ ಸೆಲ್ಫ್ ಹೊಡೆದಾಗ ಮುಳ್ಳು ಸ್ವಲ್ಪ ಮೇಲೇಳುತ್ತದೆ. ಅವರ ಕಾರಿನಲ್ಲಿ ತಣ್ಣಗಿದ್ದಾಗ ಏಳುತ್ತಿದ್ದ ಮುಳ್ಳು ಈಗ ಅಲುಗಲೂ ಇಲ್ಲ. ಆಮೇಲೆ ಒದ್ದೆ ಬಟ್ಟೆಯನ್ನು ಕ್ರ್ಯಾಂಕ್ ಸೆನ್ಸರ್ ಮೇಲೆ ಸುತ್ತಿ ಹಿಡಿದರು. ಬಟ್ಟೆಯಿಂದ ಆವಿ ಎದ್ದಿತು, ಬೆರಳಿಗೆ ಬಿಸಿ ತಟ್ಟಿತು, ಇನ್ನೊಮ್ಮೆ ನೀರು ಹಾಕಿ ಹಿಡಿದರು. ಎಂಜಿನ್‌ನ ಉಳಿದ ಭಾಗ ಇನ್ನೂ ಕುದಿಯುತ್ತಿರುವಾಗಲೇ ಕಾರು ಸ್ಟಾರ್ಟ್ ಆಯಿತು. ಸೆನ್ಸರ್ ಬದಲಾಯಿಸಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ.

ಸೆನ್ಸರ್ ಒಳಗಿನ ಸಣ್ಣ ತಂತಿ ಬಿಸಿಗೆ ಹಿಗ್ಗಿ ಸಂಪರ್ಕ ಕಳೆದುಕೊಳ್ಳುತ್ತದೆ, ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಅದಕ್ಕೇ ಗ್ಯಾರೇಜಿನಲ್ಲಿ ತಣ್ಣಗಿರುವಾಗ ಪರೀಕ್ಷೆ ಮಾಡಿದರೆ ಎಲ್ಲಾ ಸರಿಯಿದೆ ಅಂತ ತೋರಿಸುತ್ತದೆ. ಕ್ರ್ಯಾಂಕ್ ಸೆನ್ಸರ್ ಸಾಮಾನ್ಯವಾಗಿ ಗೇರ್‌ಬಾಕ್ಸ್ ಎಂಜಿನ್‌ಗೆ ಸೇರುವಲ್ಲಿ ಅಥವಾ ಮುಂದಿನ ಪುಲ್ಲಿ ಹತ್ತಿರ ಇರುತ್ತದೆ. ಕೈ ಸುಲಭಕ್ಕೆ ಹೋಗದ ಕಾರಿನಲ್ಲಿ ಒದ್ದೆ ಬಟ್ಟೆಯ ಪ್ರಯೋಗ ಬೇಡ, ಸುಟ್ಟುಕೊಳ್ಳುತ್ತೀರಿ. ಅಂಥ ಕಡೆ ಆರ್‌ಪಿಎಂ ಮುಳ್ಳಿನ ವಿಡಿಯೋ ಮಾಡಿ ಮೆಕ್ಯಾನಿಕ್‌ಗೆ ತೋರಿಸಿದರೆ ಸಾಕು. ಇಗ್ನಿಷನ್ ಕಾಯಿಲ್ ಕೂಡ ಬಿಸಿಗೆ ಹೀಗೇ ಮಾಡುತ್ತದೆ, ಆದರೆ ಪ್ರತಿ ಸಿಲಿಂಡರ್‌ಗೆ ಒಂದೊಂದು ಕಾಯಿಲ್ ಇರುವ ಕಾರಿನಲ್ಲಿ ಒಂದು ಕಾಯಿಲ್ ಹೋದರೆ ಮಿಸ್ಸಿಂಗ್ ಹೊಡೆಯುತ್ತದೆಯೇ ಹೊರತು ಒಂದೇ ಏಟಿಗೆ ನಿಲ್ಲುವುದು ಕಮ್ಮಿ.

ಮಳೆಗಾಲದ ಕಥೆಯೇ ಬೇರೆ

ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯಲ್ಲಿ ಮಾತ್ರ ಬರುವ ತೊಂದರೆಯಾದರೆ ಕಾಯಿಲ್, ಪ್ಲಗ್ ವೈರ್ ಮತ್ತು ಕನೆಕ್ಟರ್‌ಗಳನ್ನು ನೋಡಿ. ಕತ್ತಲಾದ ಮೇಲೆ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರ್‌ಗಳ ಸುತ್ತ ಸ್ಪ್ರೇ ಬಾಟಲಿಯಿಂದ ತೆಳ್ಳಗೆ ನೀರು ಸಿಂಪಡಿಸಿ. ಸೋರುವ ಕಡೆ ನೀಲಿ ಕಿಡಿ ಹಾರುವುದು ಕಾಣುತ್ತದೆ, ಎಂಜಿನ್ ಕೂಡ ತಡವರಿಸುತ್ತದೆ. ಓಡುವ ಎಂಜಿನ್‌ನಲ್ಲಿ ಆ ವೈರ್‌ಗಳನ್ನು ಕೈಯಲ್ಲಿ ಮುಟ್ಟಬೇಡಿ, ಬೆಲ್ಟ್ ಮತ್ತು ಫ್ಯಾನ್‌ನಿಂದ ದೂರ ಇರಿ.

ಇನ್ನೊಂದು ಜಾಗ ಯಾರೂ ನೋಡುವುದಿಲ್ಲ. ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ. ನಮ್ಮಲ್ಲಿ ಕಾರು ನಿಲ್ಲಿಸುವುದೇ ಸಿಲ್ವರ್ ಮರದ ಕೆಳಗೆ. ಎಲೆ ಉದುರಿ ಅಲ್ಲಿ ಕೊಳೆತು, ನೀರು ಹೋಗುವ ತೂತು ಮುಚ್ಚುತ್ತದೆ. ಕೆಲವು ಕಾರುಗಳಲ್ಲಿ ಆ ನೀರು ಸೀದಾ ಫ್ಯೂಸ್ ಬಾಕ್ಸ್ ಅಥವಾ ಇಸಿಯು ಕಡೆ ಇಳಿಯುತ್ತದೆ. ಮಳೆ ಶುರುವಾಗುವ ಮುಂಚೆ ಜಾಲರಿ ಎತ್ತಿ ಎಲೆ ತೆಗೆದು, ಒಂದು ಚೊಂಬು ನೀರು ಸುರಿದು ಕೆಳಗೆ ಇಳಿಯುತ್ತದಾ ನೋಡಿ. ಫ್ಯೂಸ್ ಬಾಕ್ಸ್‌ನಲ್ಲಿ ಹಸಿರು ಪುಡಿ ಹಿಡಿದಿದ್ದರೆ ನೀರು ಆಗಲೇ ಬಂದಿದೆ.

ಭಾಗಮಂಡಲ, ನಾಪೋಕ್ಲು ಕಡೆ ಹೊಳೆ ಉಕ್ಕಿ ರಸ್ತೆ ಮೇಲೆ ನೀರು ನಿಂತಾಗ ದಾಟಲು ಹೋಗಿ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ಏರ್ ಫಿಲ್ಟರ್ ಮೂಲಕ ಸಿಲಿಂಡರ್ ಒಳಗೆ ನೀರು ಹೋಗಿರಬಹುದು. ನೀರನ್ನು ಗಾಳಿಯ ಹಾಗೆ ಒತ್ತಿ ಕುಗ್ಗಿಸಲು ಆಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. ಕಾರನ್ನು ತಳ್ಳಿ ಮೇಲೆ ತಂದು ಏರ್ ಫಿಲ್ಟರ್ ಬಾಕ್ಸ್ ತೆರೆಯಿರಿ. ಫಿಲ್ಟರ್ ಒದ್ದೆಯಾಗಿದ್ದರೆ ಅಲ್ಲಿಗೇ ಬಿಡಿ, ಟೋ ಮಾಡಿಸಿ. ವಿಮೆ ಕಂಪನಿಗಳು ಇಂಥ ಹಾನಿಗೆ ಎಂಜಿನ್ ಪ್ರೊಟೆಕ್ಟ್ ಅನ್ನುವ ಬೇರೆ ಕವರ್ ಕೊಡುತ್ತವೆ. ನಿಮ್ಮ ಪಾಲಿಸಿಯಲ್ಲಿ ಅದು ಇದೆಯಾ ಅಂತ ಮೇ ತಿಂಗಳಲ್ಲೇ ನೋಡಿಕೊಳ್ಳಿ.

ತಿಂಗಳುಗಟ್ಟಲೆ ನಿಂತ ಕಾರು

ಮಕ್ಕಳು ಬೆಂಗಳೂರಿನಲ್ಲಿ, ಕಾರು ತೋಟದ ಶೆಡ್‌ನಲ್ಲಿ. ಕೊಡಗಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಕಾರು ಹೊರಗೆ ತೆಗೆದ ವಾರದಲ್ಲೇ ದಾರಿಯಲ್ಲಿ ನಿಂತರೆ ಎರಡು ಕಾರಣಗಳನ್ನು ಮೊದಲು ನೋಡಿ.

ಒಂದು ಇಲಿ. ಎಂಜಿನ್ ಮೇಲೆ ಹಿಕ್ಕೆ, ಹುಲ್ಲು, ಕಡಿದ ಸ್ಪಾಂಜ್ ಸಿಕ್ಕಿದರೆ ವೈರ್‌ಗಳನ್ನು ಟಾರ್ಚ್ ಹಿಡಿದು ಬೆರಳಲ್ಲಿ ಸವರುತ್ತಾ ಹೋಗಿ. ಇಲಿ ಪೂರ್ತಿ ಕತ್ತರಿಸಿದರೆ ಕಾರು ಸ್ಟಾರ್ಟೇ ಆಗುವುದಿಲ್ಲ, ಬೇಗ ಗೊತ್ತಾಗುತ್ತದೆ. ಅರ್ಧ ಕಡಿದು ಬಿಟ್ಟ ವೈರ್‌ನದ್ದೇ ಕಷ್ಟ. ಒಂದೆರಡು ಎಳೆ ಉಳಿದಿರುತ್ತದೆ, ಗುಂಡಿಗೆ ಬಿದ್ದಾಗ ಬಿಡುತ್ತದೆ, ಮತ್ತೆ ತಾಗುತ್ತದೆ. ಇನ್ಜೆಕ್ಟರ್ ಮತ್ತು ಸೆನ್ಸರ್‌ಗಳಿಗೆ ಹೋಗುವ ತೆಳು ವೈರ್‌ಗಳನ್ನು ಬಿಡದೆ ನೋಡಿ.

ಎರಡನೆಯದು ಪೆಟ್ರೋಲ್. ಈಗಿನ ಪೆಟ್ರೋಲ್‌ನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ, ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಪೆಟ್ರೋಲ್‌ನಿಂದ ಬೇರ್ಪಟ್ಟು ನೀರಿನ ಜೊತೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪಂಪ್ ಎಳೆಯುವುದೂ ತಳದಿಂದಲೇ. ಮೆಕ್ಯಾನಿಕ್ ಹತ್ತಿರ ಹೇಳಿ ಟ್ಯಾಂಕಿನ ತಳದ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ತೆಗೆಸಿ. ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಅರ್ಧ ಗಂಟೆ ಅಲುಗಾಡಿಸದೆ ಇಡಿ. ಬೆಳಕಿಗೆ ಹಿಡಿದಾಗ ತಳದಲ್ಲಿ ಬೇರೆ ಪದರ, ನಡುವೆ ಗೆರೆ ಎಳೆದ ಹಾಗೆ ಕಂಡರೆ ಟ್ಯಾಂಕ್ ಖಾಲಿ ಮಾಡಿಸಲೇಬೇಕು. ಮೇಲಿಂದ ಹೊಸ ಪೆಟ್ರೋಲ್ ತುಂಬಿಸಿದರೆ ಸರಿ ಹೋಗುವುದಿಲ್ಲ.

ಗುಂಡಿಗೆ ಬಿದ್ದಾಗ ನಿಂತರೆ

ಬ್ಯಾಟರಿ ಟರ್ಮಿನಲ್ ಹಿಡಿದು ಅಲ್ಲಾಡಿಸಿ. ಕೈಯಲ್ಲಿ ತಿರುಗಿದರೆ ಸಡಿಲ. ಬಿಳಿ ಅಥವಾ ಹಸಿರು ಪುಡಿ ಇದ್ದರೆ ಕೆರೆದು ಬಿಗಿ ಮಾಡಿ. ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೆ ಮತ್ತು ಎಂಜಿನ್‌ಗೆ ಹೋಗುವ ಅರ್ಥಿಂಗ್ ವೈರ್‌ನ ಎರಡೂ ತುದಿ ನೋಡಿ. ಆಮೇಲೆ ಎಂಜಿನ್ ಓಡುತ್ತಿರುವಾಗ ಕಾರು ನಿಲ್ಲಿಸಿಯೇ ಕೀ ಗೊಂಚಲನ್ನು ಮೆಲ್ಲಗೆ ಅಲ್ಲಾಡಿಸಿ. ಆಫ್ ಆದರೆ ಇಗ್ನಿಷನ್ ಸ್ವಿಚ್ ಸವೆದಿದೆ. ಭಾರದ ಕೀ ಗೊಂಚಲು ನೇತುಹಾಕುವವರಿಗೆ ಇದು ಬೇಗ ಬರುತ್ತದೆ. ಗುದ್ದಿದಾಗ ಪೆಟ್ರೋಲ್ ನಿಲ್ಲಿಸುವ ಸ್ವಿಚ್ ಕೆಲವು ಕಾರುಗಳಲ್ಲಿ ಇರುತ್ತದೆ. ಜೋರಾದ ಗುಂಡಿಗೆ ಅದೂ ಎಗರಬಹುದು, ಎಲ್ಲಿದೆ ಅಂತ ಕಾರಿನ ಪುಸ್ತಕದಲ್ಲಿ ನೋಡಿ.

ಮನೆಗೆ ಬಂದ ಮೇಲೆ: ಮೀಟರ್ ಮತ್ತು ಸ್ಕ್ಯಾನರ್

ಮಲ್ಟಿಮೀಟರ್‌ನಿಂದ ಮೂರು ಅಳತೆ ತೆಗೆದುಕೊಳ್ಳಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಹತ್ತಿರ ಇರಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಲೈಟು, ಬ್ಲೋವರು ಎಲ್ಲಾ ಹಾಕಿದಾಗ 13ಕ್ಕಿಂತ ಕೆಳಗೆ ಇಳಿದರೆ ಆಲ್ಟರ್ನೇಟರ್ ಅಥವಾ ಬೆಲ್ಟ್ ನೋಡಿಸಿ. ಮೂರನೆಯದು ಅರ್ಥಿಂಗ್ ಪರೀಕ್ಷೆ. ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಎಂಜಿನ್‌ನ ಬರಿ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಯಲು ಹೇಳಿ. 0.2–0.3 ವೋಲ್ಟ್ ದಾಟಿದರೆ ಅರ್ಥಿಂಗ್ ವೈರ್ ಸರಿಯಿಲ್ಲ.

2013ರಿಂದ ಈಚೆಗಿನ ಕಾರಾದರೆ ಒಬಿಡಿ ಸ್ಕ್ಯಾನರ್ ಹಾಕಬಹುದು. ಡ್ರೈವರ್ ಕಡೆ ಡ್ಯಾಶ್‌ಬೋರ್ಡ್ ಕೆಳಗೆ ಅದರ ಸಾಕೆಟ್ ಇರುತ್ತದೆ. ಬ್ಲೂಟೂತ್ ಸ್ಕ್ಯಾನರ್ ಆನ್‌ಲೈನ್‌ನಲ್ಲಿ ಕಮ್ಮಿ ಬೆಲೆಗೆ ಸಿಗುತ್ತದೆ. ಅದರಲ್ಲಿ ತೊಂದರೆಯ ಕೋಡ್‌ಗಳು ಕಾಣುತ್ತವೆ. ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್, ಪಿ0340 ಕ್ಯಾಮ್ ಸೆನ್ಸರ್, ಪಿ0300 ಮಿಸ್ ಫೈರ್, ಪಿ0171 ಗಾಳಿ ಜಾಸ್ತಿ ಇಂಧನ ಕಮ್ಮಿ, ಪಿ0505 ಐಡ್ಲಿಂಗ್, ಪಿ0562 ವೋಲ್ಟೇಜ್ ಕಮ್ಮಿ, ಪಿ0087 ಇಂಧನದ ಒತ್ತಡ ಕಮ್ಮಿ. ಕೋಡ್ ಅಂದರೆ ತೀರ್ಪಲ್ಲ. ಪಿ0335 ಬಂದ ಮಾತ್ರಕ್ಕೆ ಸೆನ್ಸರ್ ಕೊಳ್ಳಬೇಡಿ. ಆ ಸೆನ್ಸರ್‌ನ ವೈರ್ ಇಲಿ ಕಡಿದಿದ್ದರೂ ಅದೇ ಕೋಡ್ ಬರುತ್ತದೆ.

ಕೋಡ್‌ಗಿಂತ ಬೆಲೆಬಾಳುವುದು ಫ್ರೀಜ್ ಫ್ರೇಮ್. ತೊಂದರೆ ದಾಖಲಾದ ಗಳಿಗೆಯಲ್ಲಿ ವೇಗ, ಆರ್‌ಪಿಎಂ, ಎಂಜಿನ್ ಬಿಸಿ ಎಷ್ಟಿತ್ತು ಅನ್ನುವುದು ಅದರಲ್ಲಿ ಇರುತ್ತದೆ. ನೀವು ಬರೆದಿಟ್ಟುಕೊಂಡ ನಾಲ್ಕು ಸಾಲಿನ ಜೊತೆ ಹೋಲಿಸಿ. ಫ್ಯೂಯಲ್ ಟ್ರಿಮ್ (ಇಸಿಯು ಇಂಧನವನ್ನು ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಅನ್ನುವ ಲೆಕ್ಕ) ಕೂಡ ನೋಡಿ. ಐಡ್ಲಿಂಗ್‌ನಲ್ಲಿ ಪ್ಲಸ್ ಶೇಕಡ 10 ದಾಟಿ, ರೇಸ್ ಕೊಟ್ಟಾಗ ಸರಿಯಾದರೆ ಎಲ್ಲೋ ಗಾಳಿ ಸೋರಿಕೆ. ಏರಿನಲ್ಲಿ ಎಳೆಯುವಾಗ ಜಾಸ್ತಿಯಾದರೆ ಇಂಧನದ ಕೊರತೆ. ಕೋಡ್ ಅಳಿಸುವುದಾಗಲಿ ಬ್ಯಾಟರಿ ಬಿಚ್ಚುವುದಾಗಲಿ ಈಗ ಬೇಡ, ಎಲ್ಲದರ ಫೋಟೋ ತೆಗೆದಿಡಿ.

ಡೀಸೆಲ್ ಮತ್ತು ತೋಟದ ಜೀಪು

ಹಳೆಯ ಜೀಪಿನ ಡೀಸೆಲ್ ಎಂಜಿನ್‌ಗೆ ಕಂಪ್ಯೂಟರ್ ಇಲ್ಲ. ಡೀಸೆಲ್ ಮತ್ತು ಗಾಳಿ ಸಿಕ್ಕಿದರೆ ಓಡುತ್ತದೆ. ಅದು ನಿಂತರೆ ಲೈನ್‌ನಲ್ಲಿ ಗಾಳಿ ಸೇರಿದೆಯಾ ನೋಡಿ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಕೈಪಂಪ್ ಒತ್ತುತ್ತಾ ಹೋಗಿ. ನೊರೆ ಬರುವುದು ನಿಂತು ಬರಿ ಡೀಸೆಲ್ ಬಂದ ಮೇಲೆ ಸ್ಕ್ರೂ ಬಿಗಿ ಮಾಡಿ. ಪದೇ ಪದೇ ಗಾಳಿ ಸೇರಿದರೆ ಟ್ಯಾಂಕ್‌ನಿಂದ ಬರುವ ಪೈಪ್‌ನಲ್ಲಿ ಎಲ್ಲೋ ಬಿರುಕಿದೆ. ಸ್ಟಾಪ್ ಸಾಲೆನಾಯ್ಡ್ (ಡೀಸೆಲ್ ನಿಲ್ಲಿಸುವ ಕರೆಂಟಿನ ಕವಾಟ) ಇರುವ ಎಂಜಿನ್‌ನಲ್ಲಿ ಅದರ ಒಂದು ವೈರ್ ಕಳಚಿದರೂ ಎಂಜಿನ್ ನಿಲ್ಲುತ್ತದೆ.

ಈಗಿನ ಕಾಮನ್ ರೈಲ್ ಡೀಸೆಲ್ (ಒಂದೇ ಪೈಪ್‌ನಿಂದ ಎಲ್ಲಾ ಇನ್ಜೆಕ್ಟರ್‌ಗಳಿಗೂ ಭಾರೀ ಒತ್ತಡದ ಡೀಸೆಲ್ ಹೋಗುವ ಎಂಜಿನ್) ಬೇರೆ. ಮೊದಲು ಫಿಲ್ಟರ್ ಕೆಳಗಿನ ಪ್ಲಗ್ ಸಡಿಲಿಸಿ ನೀರು ಬಿಡಿ. ಏರಿನಲ್ಲಿ ನಿಂತು ಪಿ0087 ಬಂದರೆ ಫಿಲ್ಟರ್ ಬದಲಾಯಿಸುವುದರಿಂದ ಶುರು ಮಾಡಿ, ಪಂಪ್ ಆಮೇಲೆ. ರೈಲ್ ಮತ್ತು ಇನ್ಜೆಕ್ಟರ್ ನಡುವಿನ ಪೈಪ್‌ಗಳಿಗೆ ಸ್ಪ್ಯಾನರ್ ಹಾಕಬೇಡಿ. ಅಲ್ಲಿ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡ ಇರುತ್ತದೆ, ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಪೆಟ್ರೋಲೋ ಡೀಸೆಲೋ, ನಿಂತ ಮೇಲೆ ಸೆಲ್ಫ್ ಹೊಡೆದಾಗ ಎಂಜಿನ್ ಎಂದಿಗಿಂತ ಹಗುರಾಗಿ, ಒಂದೇ ಸಮನೆ ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಸಲ ಹೊಡೆದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯಬಹುದು.

ಗ್ಯಾರೇಜಿನಲ್ಲಿ ಏನು ಹೇಳಬೇಕು

"ಕಾರು ಆಫ್ ಆಗುತ್ತದೆ, ನೋಡಿ" ಅಂತ ಕೀ ಕೊಟ್ಟು ಬರಬೇಡಿ. "ಮುಕ್ಕಾಲು ಗಂಟೆ ಓಡಿದ ಮೇಲೆ, ಏರಿನಲ್ಲಿ, ಜರ್ಕ್ ಇಲ್ಲದೆ ನಿಲ್ಲುತ್ತದೆ. ಆಗ ಸೆಲ್ಫ್ ಹೊಡೆದರೆ ಆರ್‌ಪಿಎಂ ಮುಳ್ಳು ಏಳುವುದಿಲ್ಲ. ತಣ್ಣಗಾದರೆ ಸ್ಟಾರ್ಟ್ ಆಗುತ್ತದೆ" ಅಂತ ಹೇಳಿ, ಫೋಟೋ ವಿಡಿಯೋ ತೋರಿಸಿ. ಒಳ್ಳೆಯ ಮೆಕ್ಯಾನಿಕ್ ಇಷ್ಟು ಕೇಳಿದರೆ ಸೀದಾ ಜಾಗಕ್ಕೇ ಹೋಗುತ್ತಾರೆ. ಒಂದು ಸಲಕ್ಕೆ ಒಂದೇ ಸಾಮಾನು ಬದಲಾಯಿಸಲು ಹೇಳಿ, ಹಳೆಯದನ್ನು ವಾಪಸ್ ಕೇಳಿ ಇಟ್ಟುಕೊಳ್ಳಿ. ಮೂರು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತೇ ಆಗುವುದಿಲ್ಲ.

ಕೆಲಸ ಮುಗಿದ ಮೇಲೆ ಗ್ಯಾರೇಜ್ ಸುತ್ತ ಒಂದು ರೌಂಡ್ ಹೊಡೆದು ಸರಿಯಾಯಿತು ಅನ್ನಬೇಡಿ. ಯಾವ ಸ್ಥಿತಿಯಲ್ಲಿ ನಿಲ್ಲುತ್ತಿತ್ತೋ ಅದೇ ಸ್ಥಿತಿಯಲ್ಲಿ ಓಡಿಸಬೇಕು. ಬಿಸಿಗೆ ನಿಲ್ಲುತ್ತಿದ್ದ ಕಾರನ್ನು ಚೆನ್ನಾಗಿ ಬಿಸಿ ಮಾಡಿ, ಏರಿನಲ್ಲಿ ನಿಲ್ಲುತ್ತಿದ್ದುದನ್ನು ಏರು ಹತ್ತಿಸಿ. ಕೋಡ್ ಅಳಿಸಿ, ಸ್ಕ್ಯಾನರ್ ಹಾಕಿಕೊಂಡೇ ಹಗಲು ಹೊತ್ತಿನಲ್ಲಿ ಕುಶಾಲನಗರದಿಂದ ಮಡಿಕೇರಿಗೆ ಮೊದಲು ಹೋಗಿ ಬನ್ನಿ. ಆ ದಾರಿಯಲ್ಲಿ ಊರುಗಳು ಹತ್ತಿರ ಹತ್ತಿರ ಇವೆ, ಬದಿಗೆ ನಿಲ್ಲಿಸಲೂ ಜಾಗ ಇದೆ. ಪಕ್ಕದಲ್ಲಿ ಕೂತವರು ಫೋನಿನಲ್ಲಿ ಆರ್‌ಪಿಎಂ, ವೋಲ್ಟೇಜ್ ನೋಡುತ್ತಿರಲಿ. ವಾಪಸ್ ಬಂದು ಪೆಂಡಿಂಗ್ ಕೋಡ್‌ಗಳ (ಇನ್ನೂ ಖಚಿತವಾಗದ ತೊಂದರೆಗಳ) ಪುಟ ತೆರೆಯಿರಿ. ಅದು ಖಾಲಿ ಇದ್ದರೆ ಮಾತ್ರ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೊರಡಿ.